ಮಿಸ್‌ಕಂಡಕ್ಟ್, ಮಿಸ್‌ಬಿಹೇವಿಯರ್, ಮಿಸ್‌ಡಿಮೀನರ್: ದೂರಿನಲ್ಲಿ ಯಾವುದು ಬರೆಯಲಿ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮೇಲಿನ ಮನೆಯವನು ಕುಡಿದು ಬಂದು ಅರ್ಧರಾತ್ರಿಯಲ್ಲಿ ಗೇಟು ಒದೆಯುತ್ತಾನೆ, ಕೂಗಾಡುತ್ತಾನೆ. ಅಪಾರ್ಟ್‌ಮೆಂಟ್ ಸಂಘಕ್ಕೆ ಇಂಗ್ಲಿಷಿನಲ್ಲಿ ದೂರು ಕೊಡಬೇಕು. ಮಿಸ್‌ಕಂಡಕ್ಟ್, ಮಿಸ್‌ಬಿಹೇವಿಯರ್, ಮಿಸ್‌ಡಿಮೀನರ್, ಮಾಲ್‌ಪ್ರಾಕ್ಟೀಸ್ ಎಲ್ಲಕ್ಕೂ ನಿಮ್ಮ ನಿಘಂಟಿನಲ್ಲಿ 'ದುರ್ನಡತೆ' ಅಂತಲೇ ಇದೆ. ಯಾವುದನ್ನು ಹಾಕುವುದು?

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನೋಟಿಸು ಬರೆದವನು. 'ದುರ್ನಡತೆ' ಅನ್ನುವ ಪದದಿಂದ ಒಂದು ಸಂಸಾರವನ್ನೇ ಹಾಳು ಮಾಡಿಬಿಡುತ್ತಿದ್ದೆ.

ಒಬ್ಬ ಲೇತ್ ಆಪರೇಟರ್ ರಾಗಿ ಕೊಯ್ಲಿಗೆ ಅಂತ ಊರಿಗೆ ಹೋದವನು ಹನ್ನೆರಡು ದಿನ ಬರಲಿಲ್ಲ. ರಜಾ ಚೀಟಿಯೂ ಇಲ್ಲ. ನಾನು ಶೋಕಾಸ್ ನೋಟಿಸು ಕಳಿಸಿದೆ. ಇಂಗ್ಲಿಷಿನಲ್ಲಿ ಮಿಸ್‌ಕಂಡಕ್ಟ್ ಅಂತ ಇತ್ತು. ಕೆಳಗೆ ಕನ್ನಡದಲ್ಲಿ, ನಿಘಂಟು ನೋಡಿಯೇ, 'ನಿಮ್ಮ ದುರ್ನಡತೆಗಾಗಿ ಯಾಕೆ ಕ್ರಮ ಕೈಗೊಳ್ಳಬಾರದು' ಅಂತ ಹಾಕಿದ್ದೆ. ಅದು ಸೇರಿದ್ದು ಹೆಂಡತಿಯ ಕೈಗೆ. ಮಾರನೇ ದಿನ ಫಸ್ಟ್ ಶಿಫ್ಟಿನ ಹೊತ್ತಿಗೆ ಇಬ್ಬರೂ ಗೇಟಿನ ಹತ್ತಿರ ನಿಂತಿದ್ದಾರೆ. 'ಯಾವಳ ಹತ್ರ ಅಂತ ನೀವೇ ಹೇಳಿಬಿಡಿ ಸಾರ್' ಅಂದಳು ಆಕೆ. ಅವನು ಪಕ್ಕದಲ್ಲಿ ನಿಂತು 'ರಾಗಿ ಕಣೇ, ರಾಗಿ' ಅನ್ನುತ್ತಿದ್ದ. ನಾನು ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳ ಪುಸ್ತಕ ತಂದು ಓದಿ ಹೇಳುವ ತನಕ ಆಕೆ ನಂಬಲಿಲ್ಲ.

ಆ ಪುಸ್ತಕದಲ್ಲಿ ಏನಿತ್ತು ಅಂದರೆ, 1946ರ ಕಾಯ್ದೆಯ ಮಾದರಿ ಪಟ್ಟಿ. ಕಳ್ಳತನ, ಲಂಚ, ಗಲಾಟೆ, ಪದೇ ಪದೇ ತಡವಾಗಿ ಬರುವುದು, ಹೇಳದೆ ಕೇಳದೆ 10 ದಿನಕ್ಕಿಂತ ಜಾಸ್ತಿ ಗೈರಾಗುವುದು, ಎಲ್ಲವೂ ಮಿಸ್‌ಕಂಡಕ್ಟೇ. ಶೀಲದ ಮಾತೇ ಆಗಬೇಕು ಅಂತಿಲ್ಲ. ಕೆಲಸ ಕೊಟ್ಟವರ ನಿಯಮ ಮುರಿದರೆ ಮಿಸ್‌ಕಂಡಕ್ಟ್, ಅಷ್ಟೇ. ನಿಮ್ಮ ಮೇಲಿನ ಮನೆಯವನು ಸಂಘದ ನೌಕರನಲ್ಲ. ವಾಚ್‌ಮನ್ ಕುಡಿದು ಡ್ಯೂಟಿಗೆ ಬಂದರೆ ಈ ಪದ ಹಾಕಿ.

ಮಾಲ್‌ಪ್ರಾಕ್ಟೀಸ್ ನಿಮಗೆ ಬೇಡವೇ ಬೇಡ. ನಮ್ಮಲ್ಲಿ ಹಾಗಂದರೆ ಪರೀಕ್ಷೆ: ಸ್ಕ್ವಾಡ್ ಬಂತು, ಚೀಟಿ ಸಿಕ್ಕಿತು, ಹುಡುಗ ಡಿಬಾರ್. ಅಮೆರಿಕದವರಿಗೆ ಅದು ಡಾಕ್ಟರೋ ವಕೀಲರೋ ತಮ್ಮ ವೃತ್ತಿಯಲ್ಲಿ ಮಾಡಿದ ತಪ್ಪು. ನನ್ನ ಅಕ್ಕನ ಮಗಳು ಅಲ್ಲಿನ ಆಫೀಸಿನಲ್ಲಿ 'ನನ್ನ ತಮ್ಮ ಮಾಲ್‌ಪ್ರಾಕ್ಟೀಸ್ ಮಾಡಿ ಸಿಕ್ಕಿಬಿದ್ದ' ಅಂದಳಂತೆ. ಪಾಪ, ಯಾವ ಆಸ್ಪತ್ರೆ ಅಂತ ಕೇಳಿದರಂತೆ. ಅವನು ಸೆಕೆಂಡ್ ಪಿಯುಸಿ.

ಮಿಸ್‌ಡಿಮೀನರ್ ಕೇಳುವುದಕ್ಕೆ ಭಾರೀ ಅನ್ನಿಸುತ್ತೆ. ನೀವು ಅದರ ಕಡೆ ವಾಲಿದ್ದೂ ಅದಕ್ಕೇ ಇರಬೇಕು. ಆದರೆ ಅದು ಸಣ್ಣ ಅಪರಾಧ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಜೈಲಾಗಬಹುದಾದದ್ದು ಫೆಲನಿ, ಅಂದರೆ ದೊಡ್ಡ ಅಪರಾಧ; ಅದಕ್ಕಿಂತ ಕೆಳಗಿನದು ಮಿಸ್‌ಡಿಮೀನರ್. ಇಂಗ್ಲೆಂಡ್ 1967ರಲ್ಲೇ ಈ ವಿಂಗಡಣೆ ಕೈಬಿಟ್ಟಿತು. ನಮ್ಮ 1860ರ ದಂಡಸಂಹಿತೆಯಲ್ಲಿ ಇದು ಇರಲೇ ಇಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ನಮ್ಮದೇನಿದ್ದರೂ ಜಾಮೀನು ಸಿಗುವುದು, ಸಿಗದಿರುವುದು ಅನ್ನುವ ಲೆಕ್ಕ.

ತಮಾಷೆ ಅಂದರೆ, ಮೊದಲಿಗೆ 'ಹೈ' ಸೇರಿದರೆ ಇದೇ ಪದ ಅಮೆರಿಕದ ಅಧ್ಯಕ್ಷರನ್ನೂ ಇಳಿಸಬಲ್ಲದು. 1787ರಲ್ಲಿ ಅಮೆರಿಕದ ಸಂವಿಧಾನ ಬರೆಯುವಾಗ ಅಧ್ಯಕ್ಷರನ್ನು ತೆಗೆಯುವ ಕಾರಣಗಳಲ್ಲಿ 'ಮಾಲ್‌ಅಡ್ಮಿನಿಸ್ಟ್ರೇಷನ್', ಅಂದರೆ ಕೆಟ್ಟ ಆಡಳಿತ, ಅಂತ ಸೇರಿಸೋಣ ಅಂದರು ಸಭೆಯಲ್ಲಿದ್ದ ಜಾರ್ಜ್ ಮೇಸನ್. ಅದೇ ಸಭೆಯ ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ, ಅದಕ್ಕೆ ಅಳತೆಯೇ ಇಲ್ಲ ಅಂದರು. ಆಗ ಮೇಸನ್ 'ಹೈ ಕ್ರೈಮ್ಸ್ ಅಂಡ್ ಮಿಸ್‌ಡಿಮೀನರ್ಸ್' ಅಂತ ಬದಲಿಸಿದರು. ಆ ಚರ್ಚೆಯಲ್ಲಿ ಮೇಸನ್ ಉದಾಹರಣೆಗೆ ಎತ್ತಿದ್ದು ಯಾರನ್ನು ಗೊತ್ತಾ? ವಾರನ್ ಹೇಸ್ಟಿಂಗ್ಸ್‌ನನ್ನು. ಹೈದರಾಲಿಯ ಜೊತೆ ಎರಡನೇ ಮೈಸೂರು ಯುದ್ಧ ನಡೆದಾಗ ಗವರ್ನರ್ ಜನರಲ್ ಆಗಿದ್ದವನೇ. ಅವನ ವಿಚಾರಣೆ ಲಂಡನ್ನಿನಲ್ಲಿ 1788ರಿಂದ 1795ರವರೆಗೆ ಎಳೆದಾಡಿ ಕೊನೆಗೆ ಖುಲಾಸೆಯಾಯಿತು.

ಇನ್ನು ಮಿಸ್‌ಬಿಹೇವಿಯರ್. ಇಂಗ್ಲಿಷಿನಲ್ಲಿ ಇದು ತರಗತಿಯ ತರ್ಲೆ ಹುಡುಗನಿಗೂ ಆಗುತ್ತದೆ, ನ್ಯಾಯಮೂರ್ತಿಗಳಿಗೂ ಆಗುತ್ತದೆ. ಸಂವಿಧಾನದ 124(4)ನೇ ವಿಧಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯಲು ಇರುವ ಎರಡು ಕಾರಣಗಳಲ್ಲಿ ಇದೂ ಒಂದು. ಆದರೆ ಕನ್ನಡದ ಬಾಯಲ್ಲಿ 'ಅವನು ಮಿಸ್‌ಬಿಹೇವ್ ಮಾಡಿದ' ಅಂದರೆ ಕೇಳಿದವರು ಮೊದಲು ಯೋಚಿಸುವುದೇ ಹೆಂಗಸರ ವಿಷಯ. ನಿಮ್ಮ ಸಂಘದ ಕಾರ್ಯದರ್ಶಿಯೂ ಹಾಗೇ ಓದಬಹುದು. ಅಂಥದ್ದು ನಡೆದಿಲ್ಲ ಅಂದ ಮೇಲೆ ಆ ಪದವನ್ನು ಸುಮ್ನೆ ಯಾಕೆ ಹಾಕುತ್ತೀರಿ? ನಡೆದಿದ್ದರಂತೂ ಮಿಸ್‌ಬಿಹೇವಿಯರ್ ಅಂತ ಸಾರಿಸಿ ಬಿಡಬಾರದು, ಸೆಕ್ಷುಯಲ್ ಹರಾಸ್‌ಮೆಂಟ್ ಅಂತ ನೇರವಾಗಿಯೇ ಬರೆಯಬೇಕು. ಈವ್ ಟೀಸಿಂಗ್ ಅನ್ನುವುದು ನನಗೆ ಮೊದಲಿನಿಂದಲೂ ಆಗದ ಪದ. ಹಿಂಸೆಯನ್ನು ತಮಾಷೆ ಮಾಡಿಬಿಡುತ್ತದೆ.

ನಿಮಗೆ ಬೇಕಾದದ್ದು ನ್ಯೂಸೆನ್ಸ್. ನಾವು ದಿನಾ ಆಡುವ ಪದವೇ, ಕಾನೂನಿನಲ್ಲೂ ಜಾಗ ಇದೆ. ಸ್ವಲ್ಪ ಗಟ್ಟಿಯಾಗಿ ಇರಲಿ ಅಂದರೆ ಡ್ರಂಕನ್ ಅಂಡ್ ಡಿಸಾರ್ಡರ್ಲಿ ಬಿಹೇವಿಯರ್ ಅನ್ನಿ. ಅದರ ಕೆಳಗೆ ಯಾವ ತಾರೀಕು, ಎಷ್ಟು ಗಂಟೆ, ಏನು ಕೂಗಿದ, ಯಾರು ಯಾರು ಕೇಳಿಸಿಕೊಂಡರು, ಎಲ್ಲ ಹಾಕಿ.

ಗೇಟಿನ ಚಿಲಕ ಮುರಿದಿದೆಯಾ? ಹಾಗಿದ್ದರೆ ಇನ್ನೊಂದು ಪದ ಕೈಗೆ ಸಿಗುತ್ತದೆ: ಮಿಸ್ಚೀಫ್. ಮನೆಯಲ್ಲಿ ಅದು ಮಕ್ಕಳ ಕಿತಾಪತಿ. ಕಾನೂನಿನಲ್ಲಿ ಬೇಕಂತಲೇ ಆಸ್ತಿ ಹಾಳು ಮಾಡುವ ಅಪರಾಧ. ಹಿಂದೆ ದಂಡಸಂಹಿತೆಯ 425ನೇ ಸೆಕ್ಷನ್ ಇತ್ತು, ಈಗ ನ್ಯಾಯ ಸಂಹಿತೆಯ 324. ವೆಲ್ಡಿಂಗ್ ಅಂಗಡಿಯ ಬಿಲ್ಲು ಬಿಸಾಕಿಲ್ಲ ತಾನೆ? ದೂರಿನ ಜೊತೆ ಪಿನ್ ಮಾಡಿ ಕೊಡಿ.