ಉತ್ತರ ವಿಸ್ಕಾನ್ಸಿನ್‌ನಲ್ಲಿ ಒಜಿಬ್ವೆಯವರ ಜಿಂಕೆ ಶಿಕಾರಿಗೆ ಬೇರೆ ಕಾನೂನು ಏಕೆ?

ಸರ್, ನಿಮ್ಮ ಪೋಸ್ಟ್‌ನಲ್ಲಿ ಮೂರು ಪ್ರಶ್ನೆ ಇವೆ. ನವೆಂಬರ್‌ನಲ್ಲಿ ಹೇವರ್ಡ್ ಕಡೆ ಕ್ಯಾಬಿನ್ ಹಿಡಿದು ಜಿಂಕೆ ಶಿಕಾರಿಗೆ ಹೋಗುವ ಪ್ಲಾನ್ ಇದೆ, ಎಚ್-1ಬಿ ವೀಸಾದವರು ಕೋವಿ ಮುಟ್ಟಬಹುದಾ ಎಂಬುದು ಒಂದು. ಆಫೀಸಿನ ಒಜಿಬ್ವೆ (ಅಲ್ಲಿನ ಮೂಲನಿವಾಸಿ ಬುಡಕಟ್ಟು) ಗೆಳೆಯರು ಕರೆದಿದ್ದಾರೆ, ಅವರ ಪರ್ಮಿಟ್ ಮೇಲೆ ಹೋಗಬಹುದಾ ಎಂಬುದು ಇನ್ನೊಂದು. ನಮಗೆ ಬರೀ ಒಂಬತ್ತು ದಿನ, ಅವರಿಗೆ ಸೆಪ್ಟೆಂಬರ್‌ನಿಂದಲೇ ಶುರು, ಮೇಲಾಗಿ ರಾತ್ರಿ ಲೈಟ್ ಹಾಕಿ ಹೊಡೆಯಲೂ ಬಿಟ್ಟಿದ್ದಾರೆ, ಇದು ಯಾವ ನ್ಯಾಯ ಎಂಬುದು ಮೂರನೆಯದು. ಅದರ ಕೆಳಗೆ "ಇದು ಅಮೆರಿಕದ ಮೀಸಲಾತಿ" ಅಂತ ಒಬ್ಬರು, "ನಮ್ಮ ಕೊಡವರಿಗೆ ಇರುವ ಹಾಗೆ" ಅಂತ ಇನ್ನೊಬ್ಬರು ಬರೆದು ಹೋಗಿದ್ದಾರೆ. ಎರಡೂ ಸರಿಯಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಎಡವಿದರೆ ಜಾಸ್ತಿ ಪೆಟ್ಟು ಬೀಳುವುದು ಅಲ್ಲೇ. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಕೆಲಸಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಇನ್ನೂ ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಗೆಳೆಯರ ಕೋವಿಯನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡುವುದಕ್ಕೂ, ರೇಂಜ್‌ಗೆ ಹೋಗಿ ನಾಲ್ಕು ಈಡು ಹಾರಿಸುವುದಕ್ಕೂ ಇದೇ ಕ್ರಮ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯ ಇಲ್ಲ. ನಿಮ್ಮದು ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡ ಕೇಸ್ ಆದರೆ ವಕೀಲರಿಗೆ ದುಡ್ಡು ಕೊಟ್ಟು ಕೇಳಿ, ಈ ಗುಂಪಿನಲ್ಲಿ ಕೇಳಬೇಡಿ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಷನ್ ಮುಗಿಸಿದ ಸರ್ಟಿಫಿಕೇಟ್ ತೋರಿಸಬೇಕು. ಅದನ್ನು ಈಗಲೇ ಮುಗಿಸಿಕೊಳ್ಳಿ, ಕೊನೆಯ ಗಳಿಗೆಗೆ ಬಿಡಬೇಡಿ.

ಇನ್ನು ಒಂಬತ್ತು ದಿನದ ಮಾತು. ಅದು ಕೋವಿಗೆ ಮಾತ್ರ, ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರದಿಂದ. ಬಿಲ್ಲು, ಕ್ರಾಸ್‌ಬೋ ಹಿಡಿದವರಿಗೆ ಸೆಪ್ಟೆಂಬರ್ ಮಧ್ಯದಿಂದ ಜನವರಿ ಆರಂಭದವರೆಗೆ ಸೀಸನ್ ಇರುತ್ತದೆ. ಹಾಗಾಗಿ "ನಮಗೆ ಏನೂ ಬಿಟ್ಟಿಲ್ಲ" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಈಗ ನ್ಯಾಯದ ಪ್ರಶ್ನೆ. ಇದಕ್ಕೆ 1837ಕ್ಕೆ ಹೋಗಬೇಕು.

ಆ ವರ್ಷ ಜುಲೈನಲ್ಲಿ, ಈಗಿನ ಮಿನ್ನಿಯಾಪೊಲಿಸ್ ಏರ್‌ಪೋರ್ಟ್ ಪಕ್ಕದಲ್ಲೇ ಇರುವ ಫೋರ್ಟ್ ಸ್ನೆಲ್ಲಿಂಗ್ ಹತ್ತಿರ ಒಜಿಬ್ವೆ ಮುಖಂಡರು ಸೇರಿದ್ದರು. ಅಮೆರಿಕ ಸರ್ಕಾರದ ಪರವಾಗಿ ಬಂದವನು ವಿಸ್ಕಾನ್ಸಿನ್ ಟೆರಿಟರಿಯ ಗವರ್ನರ್ ಹೆನ್ರಿ ಡಾಡ್ಜ್. ಸರ್ಕಾರಕ್ಕೆ ಬೇಕಾಗಿದ್ದದ್ದು ಪೈನ್ ಮರ. ಮಾತುಕತೆಯ ನಡುವೆ ಮಾಗೆಗಾಬೋ ಎಂಬ ಮುಖಂಡ ಓಕ್ ಮರದ ಸಣ್ಣ ರೆಂಬೆಯೊಂದನ್ನು ಮೇಜಿನ ಮೇಲಿಟ್ಟು, ನಾವು ಕೊಡುವ ನಾಡಿನಲ್ಲಿ ನಮ್ಮ ಹೊಟ್ಟೆಪಾಡಿನ ಮರ ನಮಗಿರಲಿ, ನೀರು ಕುಡಿಯುವ ಹೊಳೆ ನಮಗಿರಲಿ ಎಂಬರ್ಥದಲ್ಲಿ ಹೇಳಿದ್ದು ದಾಖಲೆಯಲ್ಲಿದೆ. ಕೊನೆಗೆ ಆದ ಒಪ್ಪಂದದಲ್ಲಿ ಸರ್ಕಾರ ಕೊಡಲು ಒಪ್ಪಿದ್ದು 20 ವರ್ಷ ಕಾಲ ವರ್ಷಕ್ಕೆ 9,500 ಡಾಲರ್ ನಗದು, 19,000 ಡಾಲರ್‌ನ ಸಾಮಾನು, 500 ಡಾಲರ್‌ನ ತಂಬಾಕು, ಜೊತೆಗೆ ಕಮ್ಮಾರರು, ಬೇಸಾಯದ ಸಹಾಯ ಇತ್ಯಾದಿ. ಐದನೇ ಕಲಮಿನಲ್ಲಿ, ಬಿಟ್ಟುಕೊಟ್ಟ ಜಾಗದಲ್ಲೂ ಬೇಟೆ, ಮೀನು, ಕೆರೆಗಳಲ್ಲಿ ಬೆಳೆಯುವ ಕಾಡು ಅಕ್ಕಿ ಒಜಿಬ್ವೆಯವರಿಗೆ ಉಳಿಯುತ್ತದೆ ಎಂದು ಬರೆದರು, ಅಧ್ಯಕ್ಷರ ಇಚ್ಛೆ ಇರುವ ತನಕ ಎಂಬ ಬಾಲ ಸೇರಿಸಿ. 1842ರಲ್ಲಿ ಲೇಕ್ ಸುಪೀರಿಯರ್ ದಡದ ತಾಮ್ರದ ಆಸೆಗೆ ಇನ್ನೊಂದು ಒಪ್ಪಂದ ಆಯಿತು. ಈ ಎರಡರಲ್ಲಿ ಕೈಬಿಟ್ಟ ನಾಡು ಇವತ್ತಿನ ವಿಸ್ಕಾನ್ಸಿನ್‌ನ ಉತ್ತರದ ಮೂರನೇ ಒಂದು ಭಾಗ ಅನ್ನಬಹುದು. ನೀವು ಹೋಗುವ ಹೇವರ್ಡ್ ಅದರೊಳಗೇ ಇದೆ.

ನಮ್ಮೂರ ಕಡೆ ತೋಟ ಮಾರುವಾಗ ಕ್ರಯಪತ್ರದಲ್ಲಿ "ಗಡಿಯ ಹಲಸಿನ ಮರದ ಫಲ ಮಾರಿದವರಿಗೇ" ಅಂತ ಬರೆಸಿಕೊಳ್ಳುವವರಿದ್ದಾರೆ. ತೋಟ ನಾಲ್ಕು ಕೈ ಬದಲಾದ ಮೇಲೆ ಹೊಸ ಯಜಮಾನ ಬಂದು, "ಹಣ್ಣು ಕೀಳಲು ಇವರಿಗೆ ಯಾರು ಬಿಟ್ಟರು" ಅಂದರೆ ಹೇಗೆ? ಯಾರೂ ಬಿಟ್ಟಿಲ್ಲ. ಅವರು ಮಾರಲೇ ಇಲ್ಲ, ಅಷ್ಟೇ. ಮೀಸಲಾತಿ ಅಂದರೆ ಸರ್ಕಾರ ಕೊಡುವುದು. ಇದು ಕೊಟ್ಟದ್ದಲ್ಲ, ಉಳಿಸಿಕೊಂಡದ್ದು. ಅಮೆರಿಕದ ಸುಪ್ರೀಂ ಕೋರ್ಟ್ 1905ರಷ್ಟು ಹಿಂದೆಯೇ, ವಾಷಿಂಗ್ಟನ್ ರಾಜ್ಯದ ಯಾಕಮ ಜನರ ಮೀನಿನ ಕೇಸಿನಲ್ಲಿ ಇದನ್ನೇ ಹೇಳಿತ್ತು.

ಕಾಗದದ ಮೇಲೆ ಇದ್ದದ್ದು ನೆಲದ ಮೇಲೆ ಇರಲಿಲ್ಲ ಅನ್ನುವುದು ಬೇರೆ ಮಾತು. 1850ರಲ್ಲಿ ಅಧ್ಯಕ್ಷ ಟೇಲರ್ ಈ ಹಕ್ಕು ರದ್ದು, ಒಜಿಬ್ವೆಯವರು ಪಶ್ಚಿಮಕ್ಕೆ ಹೋಗಬೇಕು ಎಂದು ಆದೇಶ ಹೊರಡಿಸಿದರು. ವರ್ಷದ ಹಣ ಕೊಡುವ ಜಾಗವನ್ನು ದೂರದ ಮಿನ್ನೆಸೋಟದ ಸ್ಯಾಂಡಿ ಲೇಕ್‌ಗೆ ಬದಲಿಸಿದರು. ಚಳಿಗಾಲದ ಬಾಗಿಲಲ್ಲಿ ಅಲ್ಲಿಗೆ ಹೋದ ಜನಕ್ಕೆ ಹಣವೂ ಇಲ್ಲ, ಸರಿಯಾದ ಆಹಾರವೂ ಇಲ್ಲ. ರೋಗ, ಹಸಿವು, ವಾಪಸಾಗುವ ದಾರಿಯ ಹಿಮ ಸೇರಿ ಸುಮಾರು 400 ಜನ ಸತ್ತರು. 1852ರಲ್ಲಿ ತೊಂಬತ್ತು ದಾಟಿದ ಮುಖಂಡ ಬಫಲೊ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಫಿಲ್ಮೋರ್ ಅವರನ್ನೇ ಕಂಡು ಬಂದರು. 1854ರ ಒಪ್ಪಂದದಲ್ಲಿ ಅವರ ಜನಕ್ಕೆ ಅಲ್ಲೇ ಇರಲು ರಿಸರ್ವೇಷನ್ (ಬುಡಕಟ್ಟಿಗೆಂದೇ ಬಿಟ್ಟ ಜಾಗ) ಸಿಕ್ಕಿತು. ಆದರೆ ಅದರ ಗಡಿ ದಾಟಿ ಬೇಟೆಯಾಡಿದರೆ ರಾಜ್ಯದ ವಾರ್ಡನ್ (ಬೇಟೆ, ಮೀನಿನ ಕಾನೂನು ಕಾಯುವ ಅಧಿಕಾರಿ) ಹಿಡಿಯುತ್ತಿದ್ದ. ನೂರಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು.

ಇದು ತಿರುಗಿದ್ದು 1974ರಲ್ಲಿ, ನಿಮ್ಮ ಹೇವರ್ಡ್ ಹತ್ತಿರದ ಚೀಫ್ ಲೇಕ್ ಮೇಲೆ. ಒಜಿಬ್ವೆಯವರದೇ ಒಂದು ಪಂಗಡವಾದ ಲಾಕ್ ಕೂಟರೇ ಬ್ಯಾಂಡ್‌ನ ಫ್ರೆಡ್ ಮತ್ತು ಮೈಕ್ ಟ್ರಿಬಲ್ ಎಂಬ ಅಣ್ಣತಮ್ಮಂದಿರು ರಿಸರ್ವೇಷನ್ ಗೆರೆಯಿಂದ ಆಚೆ ಹೋಗಿ, ಹಿಮಗಡ್ಡೆಯಲ್ಲಿ ತೂತು ಕೊರೆದು ಈಟಿಯಿಂದ ಮೀನು ಚುಚ್ಚಿದರು. ಬೇಕೆಂದೇ, ವಾರ್ಡನ್‌ಗಳಿಗೆ ತಿಳಿಯುವ ಹಾಗೆ. ಹಾಕಿದ ಕೇಸು ನೋಡಿ: ಈಟಿ ಇಟ್ಟುಕೊಂಡದ್ದು, ಮತ್ತು ಹೆಸರು ವಿಳಾಸ ಬರೆಯದ ಮೀನಿನ ಗುಡಿಸಲಲ್ಲಿ ಕೂತದ್ದು. ಒಪ್ಪಂದದ ಹಕ್ಕು ಇನ್ನೂ ಇದೆ ಎಂದು ಬುಡಕಟ್ಟು ಕೋರ್ಟಿಗೆ ಹೋಯಿತು, ಕೆಳಗಿನ ಫೆಡರಲ್ ಕೋರ್ಟ್‌ನಲ್ಲಿ ಸೋತಿತು. 1983ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿ, ಹಕ್ಕು ಹೋಗಿಲ್ಲ ಎಂದಿತು. ವಾಯ್ಟ್ ತೀರ್ಪು ಅನ್ನುವುದು ಇದಕ್ಕೇ.

ಆಮೇಲೆ ನಡೆದದ್ದು ಚೆನ್ನಾಗಿರಲಿಲ್ಲ. 1980ರ ದಶಕದ ಕೊನೆಯ ವಸಂತದ ರಾತ್ರಿಗಳಲ್ಲಿ ದೋಣಿ ಇಳಿಸುವ ಕಟ್ಟೆಗಳ ಮೇಲೆ ಒಪ್ಪಂದದ ಹಕ್ಕು ಒಪ್ಪದ ಸಾವಿರಾರು ಜನ ಸೇರಿ, ಈಟಿಯಿಂದ ಮೀನು ಹಿಡಿಯಲು ಬಂದ ಒಜಿಬ್ವೆಯವರ ಮೇಲೆ ಕಲ್ಲು ಎಸೆದರು, ಬಾಯಿಗೆ ಬಂದಂತೆ ಬೈದರು. ಚಳವಳಿಗೆ ದುಡ್ಡು ಎತ್ತಲು "ಟ್ರೀಟಿ ಬಿಯರ್" ಅಂತ ಒಂದು ಬಿಯರ್ ಕೂಡ ಮಾರಿದರು! ಮೀನೆಲ್ಲ ಖಾಲಿ ಮಾಡುತ್ತಾರೆ ಎಂಬುದು ಅವರ ಕೂಗು. ಆದರೆ ಲೆಕ್ಕ ಇಟ್ಟವರು ಬುಡಕಟ್ಟಿನವರೇ. ಈಗಲೂ ಈಟಿಗೆ ಹೋದ ದೋಣಿ ದಡಕ್ಕೆ ಬಂದರೆ, ಚಳಿಯಲ್ಲಿ ಕಾಯುತ್ತಾ ಕೂತ ಗುಮಾಸ್ತರು ಒಂದೊಂದು ವಾಲೈ ಮೀನನ್ನೂ ಎಣಿಸುತ್ತಾರೆ. ಅಳತೆ ಹಲಗೆಯ ಮೇಲೆ ಮಲಗಿಸಿ ಉದ್ದ ನೋಡುತ್ತಾರೆ. ಗಂಡೋ ಹೆಣ್ಣೋ ಬರೆದುಕೊಳ್ಳುತ್ತಾರೆ. ಆ ಕೆರೆಯ ಪಾಲು ಮುಗಿದರೆ ಅಲ್ಲಿಗೆ ನಿಂತಿತು. ಗಾಳ ಹಾಕುವ ನಮ್ಮಂಥವರ ಮೀನನ್ನು ಹೀಗೆ ಒಂದೊಂದಾಗಿ ಯಾರೂ ಎಣಿಸುವುದಿಲ್ಲ. ಫೆಡರಲ್ ಸರ್ಕಾರ, ರಾಜ್ಯ, ಬುಡಕಟ್ಟು ಮೂರೂ ಸೇರಿ ಮಾಡಿದ 1991ರ ಜಂಟಿ ವರದಿ ಕೂಡ, ಈಟಿಯಿಂದ ಮೀನಿನ ಸಂತತಿಗೆ ಹಾನಿಯಾಗಿಲ್ಲ ಎಂದೇ ಹೇಳಿತು.

ಅದೇ ವರ್ಷ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ಕೊನೆಯ ತೀರ್ಪು ಕೊಟ್ಟರು. ಸರಳವಾಗಿ ಹೇಳಿದರೆ, ಹಿಡಿಯಬಹುದಾದ ಪಾಲಿನಲ್ಲಿ ಅರ್ಧದವರೆಗೆ ಬುಡಕಟ್ಟಿಗೆ. ರಾಜ್ಯ ತಲೆ ಹಾಕಬಹುದಾದದ್ದು ಪ್ರಾಣಿ ಉಳಿಯಬೇಕು, ಮನುಷ್ಯರಿಗೆ ಅಪಾಯ ಆಗಬಾರದು ಎಂಬ ಕಾರಣಕ್ಕೆ ಮಾತ್ರ. ಅದನ್ನು ಬುಡಕಟ್ಟಿನ ಕಾನೂನೇ ನೋಡಿಕೊಂಡರೆ ರಾಜ್ಯಕ್ಕೆ ಅಲ್ಲೂ ಕೆಲಸವಿಲ್ಲ. ರಾಜ್ಯ 32.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂಬ ಬುಡಕಟ್ಟಿನ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಇಬ್ಬರೂ ಮೇಲ್ಮನವಿ ಹಾಕದೆ ಅಲ್ಲಿಗೆ ಬಿಟ್ಟರು. ಇನ್ನು "ಅಧ್ಯಕ್ಷರ ಇಚ್ಛೆ" ಎಂಬ ಬಾಲ? 1999ರಲ್ಲಿ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಬ್ಯಾಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಟೇಲರ್ ಆದೇಶಕ್ಕೆ ಕಾನೂನಿನ ಬಲವೇ ಇರಲಿಲ್ಲ ಎಂದಿತು, 5-4ರಲ್ಲಿ. 2019ರಲ್ಲಿ, ಮೊಂಟಾನಾದ ಕ್ರೋ ಬುಡಕಟ್ಟಿನವರೊಬ್ಬರು ವಯೋಮಿಂಗ್‌ನಲ್ಲಿ ಮಾಡಿದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಕೇಸಿನಲ್ಲೂ 5-4ರಲ್ಲೇ, ರಾಜ್ಯ ಹುಟ್ಟಿದ ಮಾತ್ರಕ್ಕೆ ಹಳೆಯ ಒಪ್ಪಂದ ಸಾಯುವುದಿಲ್ಲ ಎಂದು ಮತ್ತೊಮ್ಮೆ ಹೇಳಿತು. ಒಂದೇ ಓಟಿನ ಅಂತರ, ಗಮನಿಸಿ.

ರಾತ್ರಿ ಬೇಟೆಗೆ ಬರೋಣ, ನಿಮಗೆ ಹೆಚ್ಚು ಕಸಿವಿಸಿ ಆಗಿರುವುದು ಅದೇ ಅಲ್ವಾ? ಹಳೆಯ ತೀರ್ಪಿನಲ್ಲಿ ಅಪಾಯ ಎಂಬ ಕಾರಣಕ್ಕೆ ಅದನ್ನು ನಿಲ್ಲಿಸಿದ್ದರು. ಆದರೆ 2012ರಲ್ಲಿ ರಾಜ್ಯವೇ ತನ್ನ ಬೇಟೆಗಾರರಿಗೆ ರಾತ್ರಿ ತೋಳ ಹೊಡೆಯಲು ಅವಕಾಶ ಕೊಟ್ಟಿತು. ಜಿಂಕೆಗಳಿಗೆ ರೋಗ ಬಂದಾಗ ರಾಜ್ಯದ ಗುರಿಕಾರರೂ ರಾತ್ರಿ ಹೊಡೆದಿದ್ದರು. ನಿಮಗಾದರೆ ಸುರಕ್ಷಿತ, ನಮಗಾದರೆ ಅಪಾಯವಾ ಎಂದು ಬುಡಕಟ್ಟು ಕೋರ್ಟಿಗೆ ಹೋಯಿತು. 2014ರಲ್ಲಿ ಮೇಲ್ಮನವಿ ಕೋರ್ಟ್ ಅವರ ಕಡೆ ನಿಂತಿತು. 2015ರಲ್ಲಿ ಕ್ರ್ಯಾಬ್ ಅವರೇ ನಿರ್ಬಂಧ ತೆಗೆದರು. ಹಾಗಂತ ಯಾರು ಬೇಕಾದರೂ ಟಾರ್ಚ್ ಹಿಡಿದು ನುಗ್ಗುವ ಹಾಗಿಲ್ಲ. ಪ್ರತ್ಯೇಕ ತರಬೇತಿ, ಗುರಿ ಪರೀಕ್ಷೆ ಆಗಬೇಕು. ಎಲ್ಲಿ ಕೂರುತ್ತೇನೆ, ಯಾವ ದಿಕ್ಕಿಗೆ ಈಡು ಹೋಗುತ್ತದೆ ಎಂಬ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕು. ನಮ್ಮ ಮಲೆನಾಡಿನಲ್ಲಿ ಹಿಂದೆ ರಾತ್ರಿ ಮರಸು ಕೂರುತ್ತಿದ್ದವರ ಕಥೆ ಕೇಳಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಘಟನೆ ಹೇಳದಿದ್ದರೆ ಆಗುವುದಿಲ್ಲ. 2021ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್‌ನಲ್ಲಿ ತೋಳ ಬೇಟೆಗೆ 200ರ ಮಿತಿ ಇಟ್ಟರು. ಅದರಲ್ಲಿ 81 ಬುಡಕಟ್ಟಿನ ಪಾಲು, 119 ರಾಜ್ಯದ ಬೇಟೆಗಾರರ ಪಾಲು. ಒಜಿಬ್ವೆಯವರಿಗೆ ತೋಳ ಒಡಹುಟ್ಟಿದವನ ಹಾಗೆ. ತಮ್ಮ ಪಾಲನ್ನು ಅವರು ಕೊಲ್ಲಲು ಬಳಸಲಿಲ್ಲ, ಬದುಕಲಿ ಅಂತ ಬಿಟ್ಟರು. ರಾಜ್ಯದ ಬೇಟೆಗಾರರು ಮೂರು ದಿನ ತುಂಬುವುದರೊಳಗೆ 218 ತೋಳ ಹೊಡೆದರು. ಇಲ್ಲಿ ಮಿತಿ ದಾಟಿದವರು ಯಾರು ಅಂತ ನೀವೇ ನೋಡಿ. ಕಾಡು ಖಾಲಿ ಮಾಡುವವರು ಬುಡಕಟ್ಟಿನವರು ಎಂಬ ಮಾತು ಹಂಟಿಂಗ್ ಕ್ಯಾಂಪ್‌ಗಳಲ್ಲಿ ಕೇಳಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಜಿಂಕೆಯಲ್ಲೂ ಅಷ್ಟೇ. ರಾಜ್ಯದ ಬೇಟೆಗಾರರು ವರ್ಷಕ್ಕೆ ಹೊಡೆಯುವುದು 3 ಲಕ್ಷದ ಆಸುಪಾಸು. ಅದರ ಮುಂದೆ ಒಪ್ಪಂದದ ಬೇಟೆ ತೀರಾ ಸಣ್ಣದು.

ಕೊಡವರ ಮಾತು ಎತ್ತಿದವರಿಗೆ: ಅದು ಕೋವಿ ಲೈಸೆನ್ಸ್‌ನಿಂದ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೋವಿ ಇದ್ದ ಮಾತ್ರಕ್ಕೆ ಬೇಟೆಯ ಹಕ್ಕು ಬರುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ. ಒಜಿಬ್ವೆಯವರಿಗೆ ಹೋಲಿಸಲೇಬೇಕು ಅಂದರೆ ನಾಗರಹೊಳೆಯ ಜೇನು ಕುರುಬರನ್ನು ನೋಡಿ. ಅವರ ಕೈಯಲ್ಲಿ ಒಪ್ಪಂದದ ಕಾಗದವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಕಿರು ಉತ್ಪನ್ನಗಳಿಗೆ ಹಕ್ಕು ಕೊಟ್ಟರೂ, ಬೇಟೆಯನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ.

ಇನ್ನು ನಿಮ್ಮ ಗೆಳೆಯರ ಜೊತೆ ಹೋಗುವ ವಿಷಯ. ಆ ಹಕ್ಕು ಬುಡಕಟ್ಟಿನ ಸದಸ್ಯರದು, ಗೆಳೆತನಕ್ಕೆ ವರ್ಗವಾಗುವುದಿಲ್ಲ. ಅವರ ಪರ್ಮಿಟ್ ಮೇಲೆ ನೀವು ಈಡು ಹೊಡೆದರೆ ನಿಮಗೆ ರಾಜ್ಯದ ಕೇಸು, ಅವರಿಗೆ ಬುಡಕಟ್ಟಿನ ಕೋರ್ಟ್. ರಾತ್ರಿಯಂತೂ ಲೈಟ್ ಹಿಡಿಯಲು ಕೂಡ ಹೋಗಬೇಡಿ. ಒಂಬತ್ತು ದಿನದ ಸೀಸನ್‌ನಲ್ಲಿ, ನಿಮ್ಮ ಲೈಸೆನ್ಸ್, ನಿಮ್ಮ ಟ್ಯಾಗ್ (ಜಿಂಕೆ ಹೊಡೆಯಲು ಕೊಡುವ ಚೀಟಿ) ಮೇಲೆ, ಹಗಲು ಜೊತೆಗೆ ಕೂತರೆ ತೊಂದರೆಯಿಲ್ಲ. ಅನುಮಾನ ಇದ್ದರೆ ಒಡಾನಾದಲ್ಲಿರುವ ಗ್ರೇಟ್ ಲೇಕ್ಸ್ ಇಂಡಿಯನ್ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್‌ಗೆ ಫೋನ್ ಮಾಡಿ. 1984ರಿಂದ ಒಪ್ಪಂದದ ಬೇಟೆಯ ಲೆಕ್ಕ, ವಾರ್ಡನ್ ಎಲ್ಲ ನೋಡಿಕೊಳ್ಳುವವರು ಅವರೇ. ಎಲ್ಲರೂ "ಗ್ಲಿಫ್‌ವಿಕ್" ಅಂತಾರೆ.

ಜಾಗದ ಬಗ್ಗೆ ಎರಡು ಮಾತು. ಒಪ್ಪಂದದ ಹಕ್ಕು ನಡೆಯುವುದು ಮುಖ್ಯವಾಗಿ ನ್ಯಾಷನಲ್ ಫಾರೆಸ್ಟ್, ಕೌಂಟಿ ಫಾರೆಸ್ಟ್‌ನಂಥ ಸಾರ್ವಜನಿಕ ಜಾಗದಲ್ಲಿ. ಬೇಲಿ ಹಾಕಿದ ಖಾಸಗಿ ಜಮೀನಿಗೆ ಯಾರೂ ಸುಮ್ನೆ ನುಗ್ಗುವುದಿಲ್ಲ, ನಿಮ್ಮ ಕ್ಯಾಬಿನ್ ಮಾಲೀಕರು ಹೆದರಿಸಿದ್ದರೆ ಅದು ಬರೀ ಮಾತು. ಇನ್ನೊಂದು, ಹೇವರ್ಡ್ ಪಕ್ಕದಲ್ಲೇ ಲಾಕ್ ಕೂಟರೇ ರಿಸರ್ವೇಷನ್ ಇದೆ, ಗಡಿ ಕಾಡಿನ ನಡುವೆ ಹಾದು ಹೋಗುತ್ತದೆ. ಅದರೊಳಗೆ ರಾಜ್ಯದ ಲೈಸೆನ್ಸ್ ನಂಬಿಕೊಂಡು ಕೋವಿ ಹಿಡಿದು ಹೋಗಬೇಡಿ, ಮೊದಲು ಬುಡಕಟ್ಟಿನ ಕಚೇರಿಗೆ ಕೇಳಿ. ಮ್ಯಾಪ್ ಫೋನಿಗೆ ಇಳಿಸಿಕೊಳ್ಳಿ, ಅಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್ ಇರಲಿ. ಜಿಂಕೆ ಸಿಕ್ಕರೆ ಮರುದಿನ ಸಂಜೆ 5ರೊಳಗೆ ಆನ್‌ಲೈನ್ ಅಥವಾ ಫೋನ್‌ನಲ್ಲಿ ರಿಜಿಸ್ಟರ್ ಮಾಡಿ.

ಕ್ಯಾಬಿನ್ ಯಾವ ರಸ್ತೆಯ ಕಡೆ ಅಂತ ಇನ್‌ಬಾಕ್ಸ್‌ಗೆ ಹಾಕಿ. ಹತ್ತಿರದ ಕೌಂಟಿ ಫಾರೆಸ್ಟ್ ಯಾವುದು, ರಿಸರ್ವೇಷನ್ ಗೆರೆ ಎಲ್ಲಿ ಬರುತ್ತದೆ ಅಂತ ಮ್ಯಾಪ್ ನೋಡಿ ಹೇಳುತ್ತೇನೆ.