ಷೋರೂಮ್ ದಾಟಿದ ಕೂಡಲೇ ಕಾರಿನ ಬೆಲೆ ಕುಸಿಯುವುದು ಯಾಕೆ?

ಪ್ರಶ್ನೆ: ಹೊಸ ಕಾರು ಕೊಂಡು ಮೂರು ತಿಂಗಳಾಯಿತು. ಎರಡು ಸಾವಿರ ಕಿಲೋಮೀಟರ್ ಕೂಡ ಓಡಿಸಿಲ್ಲ. ಕೆಲಸಕ್ಕಾಗಿ ಬೇರೆ ದೇಶಕ್ಕೆ ಹೋಗಬೇಕಾಗಿದೆ. ಮಾರಲು ಹೊರಟರೆ ಕೊಂಡ ಬೆಲೆಯ ಹತ್ತಿರಕ್ಕೂ ಯಾರೂ ಬರುತ್ತಿಲ್ಲ. ಒಂದು ಗೀರೂ ಬೀಳದ ಕಾರಿಗೆ ಯಾಕೆ ಹೀಗೆ?

ಉತ್ತರ: ನಿಮ್ಮ ಕಾರಿನಲ್ಲಿ ಏನೂ ತೊಂದರೆ ಇಲ್ಲ. ಆದರೆ ಅದು ಗೊತ್ತಿರುವುದು ನಿಮಗೆ ಮಾತ್ರ.

ಕೊಳ್ಳಲು ಬಂದವರ ಜಾಗದಲ್ಲಿ ನಿಂತು ನೋಡಿ. ಕಾರು ಇಷ್ಟು ಚೆನ್ನಾಗಿದ್ದರೆ ಮೂರೇ ತಿಂಗಳಿಗೆ ಯಾಕೆ ಮಾರುತ್ತಿದ್ದಾರೆ ಅಂತ ಅವರಿಗೆ ಅನಿಸದೇ ಇರುತ್ತದಾ? ನಾನೂ ಒಮ್ಮೆ ನನ್ನ ಕಾರು ಮಾರಿದ್ದೇನೆ. ನೋಡಲು ಬಂದವರು ಎಂಜಿನ್ನಿನ ಆಯಿಲ್ ಕಡ್ಡಿ ಎಳೆದು, ಎರಡು ಬೆರಳ ನಡುವೆ ಆಯಿಲ್ ತಿಕ್ಕಿದರು, ಮೂಸಿದರು. ಬಾಗಿಲಿನ ರಬ್ಬರ್ ಎತ್ತಿ ಒಳಗಿನ ಬಣ್ಣ ಬೇರೆ ಇದೆಯಾ ಅಂತ ನೋಡಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಆದರೆ ಸುಳ್ಳು ಹೇಳುವವರೂ ಅದೇ ಮಾತು ಹೇಳುತ್ತಾರೆ, ಅಲ್ವಾ? ಅವರನ್ನು ದೂರುವ ಹಾಗಿರಲಿಲ್ಲ.

ಇದನ್ನು ಅಚ್ಚುಕಟ್ಟಾಗಿ ಬಿಡಿಸಿ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಅವರ ಲೇಖನವನ್ನು ಮೂರು ಪತ್ರಿಕೆಗಳು ಬೇಡ ಅಂದ ಮೇಲೆ 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ಲೆಮನ್’ ಅನ್ನುತ್ತಾರೆ. ಯಾವುದು ಒಳ್ಳೆಯ ಕಾರು, ಯಾವುದು ಲೆಮನ್ ಅಂತ ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಅವರು ನಡುವಿನ ಒಂದು ಬೆಲೆ ಹೇಳುತ್ತಾರೆ. ಒಳ್ಳೆ ಕಾರು ಇಟ್ಟುಕೊಂಡವರಿಗೆ ಆ ಬೆಲೆ ಗಿಟ್ಟುವುದಿಲ್ಲ. ಅವರು ಮಾರುವುದೇ ಬೇಡ ಅಂತ ಸುಮ್ಮನಾಗುತ್ತಾರೆ. ಆಗ ಸಂತೆಯಲ್ಲಿ ಉಳಿಯುವುದರಲ್ಲಿ ಲೆಮನ್‌ಗಳೇ ಜಾಸ್ತಿ. ಅದು ಎಲ್ಲರಿಗೂ ಗೊತ್ತಾಗಿ ಬೆಲೆ ಇನ್ನೂ ಇಳಿಯುತ್ತದೆ. ನಿಮ್ಮಂಥವರು ಕಳೆದುಕೊಳ್ಳುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಅನುಮಾನದ ಬೆಲೆ.

ಹಾಗಾಗಿ ಚೌಕಾಸಿಗೆ ಕೂರುವ ಮೊದಲು ಅನುಮಾನ ಕಳೆಯಿರಿ. ಬೇರೆ ದೇಶದ ಕೆಲಸದ ಪತ್ರ ತೋರಿಸಿ, ಮಾರುವ ಕಾರಣ ನಂಬುವ ಹಾಗಾಗುತ್ತದೆ. ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿ ಅನ್ನಿ, ಆದರೆ ಮೆಕ್ಯಾನಿಕ್ ಅವರ ಕಡೆಯವರೇ ಆಗಿರಲಿ. ನೀವು ಕರೆತಂದವರ ಮಾತಿಗೆ ಬೆಲೆ ಇಲ್ಲ. ಉಳಿದ ವಾರಂಟಿ ಹೊಸಬರ ಹೆಸರಿಗೆ ಹೋಗುತ್ತದಾ ಅಂತಲೂ ಮೊದಲೇ ವಿಚಾರಿಸಿಕೊಳ್ಳಿ. ಇಷ್ಟಾದರೂ ಪೂರ್ತಿ ಬೆಲೆ ಬರುವುದಿಲ್ಲ. ಅದೇ ದುಡ್ಡಿಗೆ ತಮಗೆ ಬೇಕಾದ ಬಣ್ಣದ ಹೊಚ್ಚಹೊಸ ಕಾರೇ ಸಿಗುವಾಗ ನಿಮ್ಮದನ್ನು ಯಾರು ತೆಗೆದುಕೊಳ್ಳುತ್ತಾರೆ?

ಪ್ರಶ್ನೆ: ಒಂದು ವಿಡಿಯೋ ಗೇಮನ್ನು ಬಿಡುಗಡೆಯ ದಿನವೇ ಪೂರ್ತಿ ಬೆಲೆಗೆ ಕೊಂಡೆ. ಐದು ತಿಂಗಳಿಗೆ ಅರ್ಧ ಬೆಲೆಗೆ ಬಂದಿದೆ. ನಾನು ಮೋಸ ಹೋದೆನಾ?

ಉತ್ತರ: ಇಲ್ಲ. ಗೇಮಿನ ಜೊತೆ ಆ ಐದು ತಿಂಗಳನ್ನೂ ನೀವು ಕೊಂಡಿದ್ದೀರಿ. ಗೆಳೆಯರೆಲ್ಲ ಆಡುತ್ತಿದ್ದಾಗ ನೀವೂ ಆಡಿದಿರಿ. ಅದು ನಿಮಗೆ ಮುಖ್ಯವಾಗಿದ್ದರೆ ಲೆಕ್ಕ ಸರಿಯಾಗಿದೆ.

ಗೇಮ್ ಕಟ್ಟಲು ವರ್ಷಗಟ್ಟಲೆ ಖರ್ಚಿದೆ. ಆದರೆ ಕಟ್ಟಿದ ಮೇಲೆ ಇನ್ನೊಬ್ಬರು ಡೌನ್‌ಲೋಡ್ ಮಾಡಿಕೊಂಡರೆ ಕಂಪನಿಗೆ ಆಗುವ ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಕಾಯಲಾರದವರಿಂದ ಮೊದಲು ಪೂರ್ತಿ ಬೆಲೆ, ಕಾಯುವವರಿಂದ ಆಮೇಲೆ ಅರ್ಧ. ಇದರಲ್ಲಿ ಕಂಪನಿಗೂ ಒಂದು ಪೇಚಿದೆ. 1972ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಅದನ್ನು ತೋರಿಸಿಕೊಟ್ಟರು. ಬೆಲೆ ಇಳಿದೇ ಇಳಿಯುತ್ತದೆ ಅಂತ ಜನಕ್ಕೆ ಗೊತ್ತಾದರೆ ಎಲ್ಲರೂ ಕಾಯಲು ಶುರು ಮಾಡುತ್ತಾರೆ. ಆಗ ಮೊದಲ ದಿನದ ಬೆಲೆಯೂ ನಿಲ್ಲುವುದಿಲ್ಲ. ನಿಂಟೆಂಡೊ ತನ್ನ ಗೇಮ್‌ಗಳ ಬೆಲೆಯನ್ನು ಬೇಗ ಇಳಿಸುವುದಿಲ್ಲ ಅನ್ನುವುದು ಆಡುವವರಿಗೆಲ್ಲ ಗೊತ್ತಿರುವ ಮಾತು. ಕಾದು ಉಪಯೋಗವಿಲ್ಲ ಅಂತ ಅದು ಜನಕ್ಕೆ ರೂಢಿ ಮಾಡಿಸಿದೆ.

ನನಗೆ ಬೇಸರ ತರುವುದು ಬೇರೆ ಸಂಗತಿ. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರಿಗೆ ದೋಷಗಳಿರುವ ಗೇಮ್ ಸಿಗುತ್ತದೆ. ಕಾದವರಿಗೆ ರಿಪೇರಿಯಾದ ಗೇಮ್ ಅರ್ಧ ಬೆಲೆಗೆ ಸಿಗುತ್ತದೆ. ಇದು ಸರಿಯಲ್ಲ. ಅದಕ್ಕೇ ಡೌನ್‌ಲೋಡ್ ಗೇಮ್‌ಗಳಿಗೆ ಮುಂಗಡ ದುಡ್ಡು ಕಟ್ಟಬೇಡಿ. ಅವು ಖಾಲಿಯಾಗುವ ಸರಕಲ್ಲ.

ಪ್ರಶ್ನೆ: ಸೀಟ್ ಬಿಸಿ ಮಾಡುವ ಸಾಮಾನು ಕಾರಿನಲ್ಲೇ ಇದೆ. ಆದರೂ ಅದನ್ನು ಚಾಲೂ ಮಾಡಲು ತಿಂಗಳ ಶುಲ್ಕ ಕೇಳುವುದು ಯಾವ ನ್ಯಾಯ?

ಉತ್ತರ: ನಿಮ್ಮ ಸಿಟ್ಟು ನನಗೂ ಇದೆ. 2022ರಲ್ಲಿ ಬಿಎಂಡಬ್ಲ್ಯೂ ಕೆಲವು ದೇಶಗಳಲ್ಲಿ ಹೀಗೆ ತಿಂಗಳಿಗೆ ಸುಮಾರು 18 ಡಾಲರ್ ಕೇಳಿತು. ಜನ ರೇಗಿದರು. ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು.

ಕಂಪನಿಯ ಲೆಕ್ಕ ಇಷ್ಟು: ಎರಡು ಬಗೆಯ ಸೀಟ್ ಮಾಡುವುದಕ್ಕಿಂತ ಎಲ್ಲ ಕಾರಿಗೂ ಒಂದೇ ಸೀಟ್ ಹಾಕುವುದು ಸುಲಭ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಿದರಾಯಿತು. ಈ ಉಪಾಯ ಹೊಸದಲ್ಲ. 1990ರಲ್ಲಿ ಐಬಿಎಂ ತನ್ನ ಲೇಸರ್ ಪ್ರಿಂಟರಿನ ಅಗ್ಗದ ಮಾದರಿ ತಂದಿತು. ದುಬಾರಿಯದು ನಿಮಿಷಕ್ಕೆ 10 ಹಾಳೆ ಮುದ್ರಿಸುತ್ತಿತ್ತು, ಅಗ್ಗದ್ದು 5. ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಅಗ್ಗದ್ದರಲ್ಲಿ ವೇಗ ತಗ್ಗಿಸಲು ಬೇರೆಯೇ ಒಂದು ಚಿಪ್ ಸೇರಿಸಿದ್ದರು! ಅದಕ್ಕೂ ಮುಂಚೆ, 1849ರಲ್ಲೇ, ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡುಪ್ಯುಯಿ ರೈಲಿನ ಮೂರನೇ ದರ್ಜೆಯ ಬೋಗಿಗೆ ಚಾವಣಿ ಯಾಕಿಲ್ಲ ಅಂತ ವಿವರಿಸಿದ್ದರು. ಚಾವಣಿಯ ಖರ್ಚಿಗೆ ಹೆದರಿ ಅಲ್ಲ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವರು ಮೂರನೆಯದಕ್ಕೆ ಹತ್ತದಿರಲಿ ಅಂತ. ಬಡವರು ಮಳೆಯಲ್ಲಿ ನೆನೆಯುತ್ತಿದ್ದದ್ದು ಇದಕ್ಕಾಗಿ.

ಎಲ್ಲ ತಿಂಗಳ ಶುಲ್ಕವೂ ತಪ್ಪು ಅಂತ ನಾನು ಹೇಳುವುದಿಲ್ಲ. ನಕ್ಷೆ ಅಪ್‌ಡೇಟ್ ಮಾಡಲು, ಇಂಟರ್ನೆಟ್ ಕೊಡಲು ಕಂಪನಿಗೆ ತಿಂಗಳು ತಿಂಗಳೂ ಖರ್ಚಿದೆ. ಸೀಟ್ ಬಿಸಿಯಾದರೆ ಅವರಿಗೆ ಯಾವ ಖರ್ಚೂ ಇಲ್ಲ. ಆ ಕರೆಂಟ್ ಬರುವುದು ನಿಮ್ಮದೇ ಕಾರಿನಿಂದ.

ಮೊದಲ ಪ್ರಶ್ನೆ ಕೇಳಿದವರಿಗೂ ಇದು ತಾಗುತ್ತದೆ. ದುಡ್ಡು ಕೊಟ್ಟು ತೆರೆಸಿದ ಸೌಲಭ್ಯ ಕೆಲವೊಮ್ಮೆ ಕಾರಿನ ಜೊತೆ ಹೋಗದೆ ಮಾಲೀಕರ ಖಾತೆಯಲ್ಲೇ ಉಳಿಯುತ್ತದೆ. ಮಾರುವ ದಿನ ಅದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ. ಕೊಳ್ಳುವ ಮೊದಲೇ ಅದು ಕಾರಿನ ಹೆಸರಲ್ಲಿದೆಯಾ, ನಿಮ್ಮ ಖಾತೆಯ ಹೆಸರಲ್ಲಿದೆಯಾ ಅಂತ ಕೇಳಿ. ಉತ್ತರವನ್ನು ಬರೆದುಕೊಡಲು ಹೇಳಿ.