ವಿಂಡೋಗೆ 800, 600 ಕೊಟ್ಟರೂ ಒಳಗೆ ಅಷ್ಟು ಜಾಗ ಯಾಕೆ ಸಿಗುತ್ತಿಲ್ಲ? ತೆರೆದಾಗಲೆಲ್ಲ ಅದು ಯಾಕೆ ಚಿಕ್ಕದಾಗುತ್ತಿದೆ?

ನೀವು ಸಿ ಪ್ಲಸ್ ಪ್ಲಸ್‌ನಲ್ಲಿ, ವಿಂಡೋಸ್‌ನದೇ ಫಂಕ್ಷನ್‌ಗಳ ಸೆಟ್ ಆದ ವಿನ್‌32 ಬಳಸಿ, ಚಿತ್ರ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೀರಿ. ವಿಂಡೋ ಸರಿಸಿ ಅಳತೆ ಬದಲಿಸುವ ಮೂವ್‌ವಿಂಡೋ ಫಂಕ್ಷನ್‌ಗೆ ಅಗಲ 800, ಎತ್ತರ 600 ಪಿಕ್ಸೆಲ್ ಕೊಟ್ಟರೂ ಚಿತ್ರಕ್ಕೆ 784, 561 ಮಾತ್ರ ಸಿಗುತ್ತಿದೆ. ಮುಚ್ಚಿ ತೆರೆದಾಗಲೆಲ್ಲ ವಿಂಡೋ ಇನ್ನಷ್ಟು ಕುಗ್ಗುತ್ತಿದೆ. ಜೊತೆಗೆ ಇದನ್ನೇ ಲಿನಕ್ಸ್‌ಗೂ ಒಯ್ಯಬೇಕು, ಅಲ್ಲಿ ಯಾವ ಫಂಕ್ಷನ್ ಅಂತ ಕೇಳಿದ್ದೀರಿ.

ಮೊದಲ ಎರಡಕ್ಕೂ ಕಾರಣ ಒಂದೇ. ಪ್ರತಿ ವಿಂಡೋಗೂ ಎರಡು ಅಳತೆ ಇರುತ್ತವೆ. ಟೈಟಲ್ ಬಾರ್, ಅಂಚು ಎಲ್ಲ ಸೇರಿದ್ದು ಹೊರಗಿನ ಅಳತೆ. ನೀವು ಚಿತ್ರ ಬಿಡಿಸುವ ಜಾಗ, ಅಂದರೆ ಕ್ಲೈಂಟ್ ಏರಿಯಾ, ಒಳಗಿನ ಅಳತೆ. ಫೋಟೋಗೆ ಫ್ರೇಮ್ ಹಾಕಿಸಲು ಹೋದರೆ ಅಳತೆ ಫೋಟೋದ್ದೋ ಫ್ರೇಮಿನದ್ದೋ ಅಂತ ಅಂಗಡಿಯವರು ಕೇಳುತ್ತಾರಲ್ಲ, ಹಾಗೆ. ಮೂವ್‌ವಿಂಡೋ ಮಾತ್ರ ಏನೂ ಕೇಳುವುದಿಲ್ಲ. ಕೊಟ್ಟಿದ್ದು ಹೊರಗಿನ ಅಳತೆ ಅಂತಲೇ ತಿಳಿಯುತ್ತದೆ. ಇದೇ ಕೆಲಸದ ಇನ್ನೊಂದು ಫಂಕ್ಷನ್ ಸೆಟ್‌ವಿಂಡೋಪಾಸ್ ಕೂಡ ಅಷ್ಟೇ.

ವಿಂಡೋಸ್ 10ರಲ್ಲಿ ಸ್ಕೇಲಿಂಗ್ (ಪರದೆಯ ಮೇಲಿನದನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ಶೇ. 100 ಇದ್ದಾಗ, ಮೆನು ಇಲ್ಲದ ಮಾಮೂಲಿ ವಿಂಡೋದಲ್ಲಿ ಎಡಕ್ಕೆ 8, ಬಲಕ್ಕೆ 8, ಕೆಳಗೆ 8 ಪಿಕ್ಸೆಲ್ ಹೋಗುತ್ತದೆ. ಮೇಲೆ ಟೈಟಲ್ ಬಾರ್ ಸೇರಿ 31. ಅಗಲದಲ್ಲಿ 16, ಎತ್ತರದಲ್ಲಿ 39 ಕಡಿಮೆ. ನಿಮ್ಮ 784, 561 ಬಂದಿದ್ದು ಹೀಗೆ. ಹಾಗಂತ 816, 639 ಅಂತ ಕೋಡ್‌ನಲ್ಲಿ ಸುಮ್ನೆ ಬರೆದುಬಿಡಬೇಡಿ. ಶೇ. 125 ಅಥವಾ 150 ಸ್ಕೇಲಿಂಗ್ ಇರುವ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ತಪ್ಪುತ್ತದೆ. ಈ ಲೆಕ್ಕ ಮಾಡುವುದಕ್ಕೇ ಅಡ್ಜಸ್ಟ್‌ವಿಂಡೋರೆಕ್ಟ್‌ಇಎಕ್ಸ್ ಇದೆ. 0, 0, 800, 600 ಇರುವ ರೆಕ್ಟ್ (ಎಡ, ಮೇಲೆ, ಬಲ, ಕೆಳಗೆ ಅನ್ನುವ ನಾಲ್ಕು ಅಂಕಿ) ಮತ್ತು ವಿಂಡೋದ ಸ್ಟೈಲ್ ಕೊಡಿ. ಮೇಲೆ ಹೇಳಿದ ಸೆಟ್ಟಿಂಗ್‌ನಲ್ಲಿ ಅದು ‑8, ‑31, 808, 608 ಮಾಡಿಕೊಡುತ್ತದೆ. ಬಲದಿಂದ ಎಡ, ಕೆಳಗಿನದರಿಂದ ಮೇಲಿನದು ಕಳೆದರೆ ಬೇಕಾದ ಅಗಲ, ಎತ್ತರ ಸಿಗುತ್ತದೆ. ಪ್ರೋಗ್ರಾಂ ಬೇರೆ ಬೇರೆ ಸ್ಕೇಲಿಂಗ್‌ಗೆ ಹೊಂದಿಕೊಳ್ಳಬೇಕು ಅಂದರೆ ಆ ಫಂಕ್ಷನ್‌ನದ್ದೇ ಫಾರ್‌ಡಿಪಿಐ ರೂಪ ಬಳಸಿ. ಒಂದು ಎಚ್ಚರಿಕೆ: ಮೆನು ಎರಡು ಸಾಲಿಗೆ ಮುರಿದರೆ ಆ ಎರಡನೇ ಸಾಲು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಕುಗ್ಗುವ ಸಮಸ್ಯೆ. ನೀವು ಹಾಕಿರುವ ಕೋಡ್‌ನಲ್ಲಿ ಮುಚ್ಚುವಾಗ ಗೆಟ್‌ಕ್ಲೈಂಟ್‌ರೆಕ್ಟ್‌ನಿಂದ ಅಳತೆ ತೆಗೆದು ಫೈಲ್‌ಗೆ ಬರೆಯುತ್ತಿದ್ದೀರಿ. ತೆರೆಯುವಾಗ ಅದನ್ನೇ ಮೂವ್‌ವಿಂಡೋಗೆ ಕೊಡುತ್ತಿದ್ದೀರಿ. ಒಳಗಿನ ಅಳತೆ ತೆಗೆದು ಹೊರಗಿನದು ಅಂತ ಕೊಟ್ಟ ಹಾಗಾಯಿತು, ಅಲ್ವಾ? ಅದಕ್ಕೇ ಪ್ರತಿ ಸಲ 16, 39 ಕಳೆದುಹೋಗುತ್ತದೆ.

ಹೊರಗಿನ ಅಳತೆ ಕೊಡುವ ಗೆಟ್‌ವಿಂಡೋರೆಕ್ಟ್ ಬಳಸಿದರೆ ಕುಗ್ಗುವುದು ನಿಲ್ಲುತ್ತದೆ. ಆದರೂ ನಾನು ಅದನ್ನು ಹೇಳುವುದಿಲ್ಲ. ಬಳಕೆದಾರರು ವಿಂಡೋವನ್ನು ಮಿನಿಮೈಸ್ ಮಾಡಿ, ಟಾಸ್ಕ್‌ಬಾರ್‌ನಿಂದಲೇ ಮುಚ್ಚಿದರು ಅಂದುಕೊಳ್ಳಿ. ಆಗ ಗೆಟ್‌ವಿಂಡೋರೆಕ್ಟ್ ‑32000, ‑32000 ಅಂತ ಜಾಗ ಹೇಳುತ್ತದೆ. ಅದನ್ನು ಉಳಿಸಿದರೆ ಮುಂದಿನ ಸಲ ಪ್ರೋಗ್ರಾಂ ಓಡುತ್ತಿರುತ್ತದೆ, ವಿಂಡೋ ಮಾತ್ರ ಎಲ್ಲೂ ಕಾಣುವುದಿಲ್ಲ. ಬಳಸುವವರಿಗೆ ಏನಾಯಿತು ಅಂತ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಉಳಿಸಲು ಗೆಟ್‌ವಿಂಡೋಪ್ಲೇಸ್‌ಮೆಂಟ್, ಮತ್ತೆ ಹಾಕಲು ಸೆಟ್‌ವಿಂಡೋಪ್ಲೇಸ್‌ಮೆಂಟ್ ಬಳಸಿ. ವಿಂಡೋ ಮಿನಿಮೈಸ್ ಆಗಿರಲಿ, ಮ್ಯಾಕ್ಸಿಮೈಸ್ ಆಗಿರಲಿ, ಅದರ ಸಹಜ ಸ್ಥಿತಿಯ ಜಾಗ ಇದರಲ್ಲಿ ಬೇರೆಯಾಗಿ ಇರುತ್ತದೆ. ಆಫೀಸಿನಲ್ಲಿ ಎರಡನೇ ಮಾನಿಟರ್ ಮೇಲೆ ಬಿಟ್ಟು, ಮನೆಯಲ್ಲಿ ಬರೀ ಲ್ಯಾಪ್‌ಟಾಪ್ ತೆರೆದರೂ ತೊಂದರೆ ಇಲ್ಲ. ಪೂರ್ತಿ ಪರದೆಯ ಹೊರಗೆ ಬೀಳುವ ಜಾಗವನ್ನು ಅದೇ ಒಳಕ್ಕೆ ತರುತ್ತದೆ. ಕರೆಯುವ ಮೊದಲು ಸ್ಟ್ರಕ್ಚರ್‌ನ ಲೆಂಗ್ತ್ ಫೀಲ್ಡ್ ತುಂಬುವುದನ್ನು ಮರೆಯಬೇಡಿ.

ಜಾಗ ಉಳಿಸುವ ಕೋಡ್‌ನಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಎಕ್ಸ್, ಅಂದರೆ ಎಡದಿಂದ ಎಷ್ಟು ದೂರ ಅನ್ನುವ ಅಂಕಿ, ಸೊನ್ನೆಗಿಂತ ಕಡಿಮೆ ಇದ್ದರೆ ಅದು ತಪ್ಪು ಅಂತ ಬಿಟ್ಟುಬಿಡುತ್ತಿದ್ದೀರಿ. ಮುಖ್ಯ ಮಾನಿಟರ್‌ನ ಎಡಕ್ಕೆ ಇನ್ನೊಂದು ಮಾನಿಟರ್ ಇದ್ದರೆ ಅದರ ಮೇಲಿನ ವಿಂಡೋಗಳ ಎಕ್ಸ್ ಋಣವೇ ಆಗಿರುತ್ತದೆ. ಆ ಸಾಲು ತೆಗೆದುಬಿಡಿ.

ಸರಿಸುವುದಕ್ಕೆ, ಅಳತೆ ಬದಲಿಸುವುದಕ್ಕೆ ಮೂವ್‌ವಿಂಡೋಗಿಂತ ಸೆಟ್‌ವಿಂಡೋಪಾಸ್ ನನಗೆ ಜಾಸ್ತಿ ಇಷ್ಟ. ನೋಸೈಜ್ ಫ್ಲ್ಯಾಗ್ ಹಾಕಿದರೆ ಬರೀ ಸರಿಯುತ್ತದೆ. ನೋಮೂವ್ ಹಾಕಿದರೆ ಅಳತೆ ಮಾತ್ರ ಬದಲಾಗುತ್ತದೆ. ನೋಝಡ್‌ಆರ್ಡರ್, ನೋಆಕ್ಟಿವೇಟ್ ಎರಡನ್ನೂ ಸೇರಿಸಿಯೇ ಕರೆಯುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಕಡೆ ಟೈಪ್ ಮಾಡುತ್ತಿರುವವರ ಮುಂದೆ ನಿಮ್ಮ ವಿಂಡೋ ಬಂದು ನಿಲ್ಲಬಹುದು. ಅದು ತುಂಬಾ ಕಿರಿಕಿರಿ.

ವಿಂಡೋವನ್ನು ಎಕ್ಸ್ 0ಗೆ ಸರಿಸಿದರೂ ಎಡಕ್ಕೆ ಸಣ್ಣ ಸಂದು ಕಾಣುತ್ತದೆ ಅಂದಿರಿ. ಎಡಗಡೆಯ ಆ 8 ಪಿಕ್ಸೆಲ್‌ನಲ್ಲಿ 7 ಕಣ್ಣಿಗೆ ಕಾಣುವುದಿಲ್ಲ. ಮೌಸ್‌ನಿಂದ ಹಿಡಿದು ಎಳೆಯಲು ಸುಲಭವಾಗಲಿ ಅಂತ ಇಟ್ಟ ಅಂಚು ಅದು. ಕಾಣುವ ಅಂಚಿನ ಜಾಗ ಬೇಕಿದ್ದರೆ ಡಿಡಬ್ಲ್ಯೂಎಂ‌ಗೆಟ್‌ವಿಂಡೋಆಟ್ರಿಬ್ಯೂಟ್ ಕರೆದು ಎಕ್ಸ್‌ಟೆಂಡೆಡ್ ಫ್ರೇಮ್ ಬೌಂಡ್ಸ್ ಕೇಳಿ.

ತೀರಾ ಚಿಕ್ಕದಾಗದ ಹಾಗೆ ತಡೆಯಲು ಅಳತೆ ಬದಲಾದಾಗ ವಿಂಡೋಸ್ ಕಳಿಸುವ ಡಬ್ಲ್ಯೂಎಂ ಸೈಜ್ ಸಂದೇಶದ ಒಳಗಿಂದ ಮೂವ್‌ವಿಂಡೋ ಕರೆಯಬೇಡಿ. ಅಳತೆ ಬದಲಾದರೆ ಮತ್ತೆ ಅದೇ ಸಂದೇಶ ಬರುತ್ತದೆ, ಎಳೆಯುವಾಗ ವಿಂಡೋ ನಡುಗುತ್ತದೆ. ಗೆಟ್‌ಮಿನ್‌ಮ್ಯಾಕ್ಸ್‌ಇನ್ಫೋ ಸಂದೇಶಕ್ಕೆ ಕನಿಷ್ಠ ಅಳತೆ ತಿಳಿಸಿದರೆ ಸಾಕು.

ಈಗ ಲಿನಕ್ಸ್. ಇಲ್ಲಿ ಯೋಚನೆಯನ್ನೇ ಸ್ವಲ್ಪ ಬದಲಿಸಬೇಕು. ಲಿನಕ್ಸ್‌ನಲ್ಲಿ ವಿಂಡೋ ತೋರಿಸುವ ಹಳೆಯ ವ್ಯವಸ್ಥೆ ಎಕ್ಸ್11ನಲ್ಲಿ ಎಕ್ಸ್‌ಮೂವ್‌ವಿಂಡೋ, ಎಕ್ಸ್‌ರಿಸೈಜ್‌ವಿಂಡೋ, ಎರಡೂ ಸೇರಿದ ಎಕ್ಸ್‌ಮೂವ್‌ರಿಸೈಜ್‌ವಿಂಡೋ ಇವೆ. ಇಲ್ಲಿ 800, 600 ಅಂದರೆ ಒಳಗಿನ ಅಳತೆ. ಅಂಚು, ಟೈಟಲ್ ಬಾರ್ ವಿಂಡೋಗಳನ್ನು ಜೋಡಿಸುವ ಬೇರೆ ಪ್ರೋಗ್ರಾಂ, ಅಂದರೆ ವಿಂಡೋ ಮ್ಯಾನೇಜರ್, ಹೊರಗಿನಿಂದ ಹಾಕುತ್ತದೆ. ವಿಂಡೋಸ್‌ಗೆ ಕೂಡಿಸಿದ ಲೆಕ್ಕವನ್ನು ಇಲ್ಲಿಗೂ ತಂದರೆ ವಿಂಡೋ ದೊಡ್ಡದಾಗುತ್ತದೆ. ಅದಕ್ಕಿಂತ ಮುಖ್ಯ, ಈ ಫಂಕ್ಷನ್‌ಗಳು ಮಾಡುವುದು ಬರೀ ಮನವಿ. ಆ ಮನವಿ ವಿಂಡೋ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಒಪ್ಪುವುದು ಬಿಡುವುದು ಅದರ ಇಷ್ಟ. ಐ3 ತರಹ ಪರದೆಯನ್ನು ತಾನೇ ಹಂಚುವ ಮ್ಯಾನೇಜರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಫಂಕ್ಷನ್ ವಾಪಸ್ ಬಂದ ಮಾತ್ರಕ್ಕೆ ಅಳತೆ ಬದಲಾಯಿತು ಅಂತಲ್ಲ. ಕಾನ್ಫಿಗರ್‌ನೋಟಿಫೈ ಅನ್ನುವ ಸಂದೇಶ ಬಂದ ಮೇಲೆ, ಅದರಲ್ಲಿ ಇರುವ ಅಳತೆಯನ್ನೇ ನಂಬಿ.

ಎಕ್ಸ್11ರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಇನ್ನೂ ಬಿಗಿ. ಫೆಡೋರಾ ವರ್ಕ್‌ಸ್ಟೇಷನ್ ಅನ್ನುವ ಲಿನಕ್ಸ್ 2016ರಲ್ಲೇ ಇದನ್ನು ಡೀಫಾಲ್ಟ್ ಮಾಡಿತು, ಹಾಗಾಗಿ ನಿಮ್ಮ ಬಳಕೆದಾರರಲ್ಲಿ ಹಲವರು ಇದರಲ್ಲೇ ಇರುತ್ತಾರೆ. ಮಾಮೂಲಿ ಪ್ರೋಗ್ರಾಂಗೆ ತನ್ನ ವಿಂಡೋ ಪರದೆಯ ಮೇಲೆ ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ, ಜಾಗ ಹೇಳುವುದಕ್ಕೂ ದಾರಿ ಇಲ್ಲ. ಬಳಕೆದಾರರು ಮೌಸ್ ಒತ್ತಿದಾಗ, ಈಗ ಎಳೆಯಲು ಶುರುಮಾಡು ಅಂತ ಕೇಳಿಕೊಳ್ಳಬಹುದು, ಅಷ್ಟೇ. ವಿಂಡೋ, ಬಟನ್ ಮಾಡಿಕೊಡುವ ಲೈಬ್ರರಿ ಜಿಟಿಕೆ 4ರಲ್ಲಿ ವಿಂಡೋ ಸರಿಸುವ ಫಂಕ್ಷನ್ ತೆಗೆದೇ ಹಾಕಿದ್ದಾರೆ. ನನಗೆ ಈ ನಿರ್ಧಾರ ಸರಿ ಅನಿಸುತ್ತದೆ. ಯಾವುದೋ ಪ್ರೋಗ್ರಾಂ ಬ್ಯಾಂಕಿನ ಪುಟದ ಪಾಸ್‌ವರ್ಡ್ ಜಾಗದ ಮೇಲೆ ತನ್ನ ವಿಂಡೋವನ್ನು ಸರಿಯಾಗಿ ಕೂರಿಸುವ ಹಾಗಿರಬಾರದು. ಆದರೆ ನಾಲ್ಕೈದು ವಿಂಡೋ ಪಕ್ಕಪಕ್ಕ ಇಟ್ಟು ಕೆಲಸ ಮಾಡಿಸುವ ಪ್ರೋಗ್ರಾಂಗಳಿಗೆ ಇದರಿಂದ ನಿಜಕ್ಕೂ ಕಷ್ಟ ಆಗಿದೆ, ಅದನ್ನೂ ಹೇಳಬೇಕು.

ನಿಮ್ಮದು ಒಂದೇ ವಿಂಡೋ. ನಾನಾದರೆ ಎರಡೂ ಕಡೆಗೆ ಕ್ಯೂಟಿ ಅನ್ನುವ ಲೈಬ್ರರಿ ಬಳಸುತ್ತೇನೆ. ಅದರ ರಿಸೈಜ್‌ಗೆ ಕೊಡುವುದು ಎಲ್ಲ ಕಡೆಯೂ ಒಳಗಿನ ಅಳತೆ, ವಿಂಡೋಸ್‌ನಲ್ಲೂ. ಹಾಗಾಗಿ ಚಿತ್ರ 800, 600 ಇದ್ದರೆ ಅದನ್ನೇ ಕೊಡಬಹುದು. ಮೂವ್ ಮಾತ್ರ ಅಂಚು ಸೇರಿಸಿ ಲೆಕ್ಕ ಹಾಕುತ್ತದೆ, ಸೆಟ್‌ಜಿಯೋಮೆಟ್ರಿ ಸೇರಿಸುವುದಿಲ್ಲ. ಇವೆರಡನ್ನು ಬೆರೆಸಿದರೆ ವಿಂಡೋ ಟೈಟಲ್ ಬಾರ್‌ನಷ್ಟು ಮೇಲೆ ಕೆಳಗೆ ಜಾರುತ್ತದೆ. ಉಳಿಸಲು ಸೇವ್‌ಜಿಯೋಮೆಟ್ರಿ, ಮತ್ತೆ ಹಾಕಲು ರಿಸ್ಟೋರ್‌ಜಿಯೋಮೆಟ್ರಿ ಇವೆ. ನಿಮ್ಮದೇ ಟೈಟಲ್ ಬಾರ್ ಬರೆಯುವುದಾದರೆ ಕ್ಯೂಟಿ 5.15 ಆವೃತ್ತಿಯಿಂದ ಇರುವ ಸ್ಟಾರ್ಟ್‌ಸಿಸ್ಟಂಮೂವ್, ಸ್ಟಾರ್ಟ್‌ಸಿಸ್ಟಂರಿಸೈಜ್ ಬಳಸಿ, ವೇಲ್ಯಾಂಡ್‌ನಲ್ಲೂ ಎಳೆಯಬಹುದು. ಜಾಗ ನೆನಪಿಟ್ಟುಕೊಳ್ಳುವ ಭಾಗ ಮಾತ್ರ ವೇಲ್ಯಾಂಡ್‌ನಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಅಳತೆ ಉಳಿಸಿ, ಜಾಗವನ್ನು ಡೆಸ್ಕ್‌ಟಾಪ್‌ಗೇ ಬಿಟ್ಟುಬಿಡಿ.